‘30 ದಿನದೊಳಗೆ’ ಅಂದರೆ ಎಷ್ಟು ದಿನ? ಜಡ್ಜ್‌ಗಳು ಕಾಯ್ದೆಗೆ ಅರ್ಥ ಹಚ್ಚೋದು ಹೇಗೆ?

ಮೂವತ್ತನೇ ದಿನ

ನಮಸ್ಕಾರ. ಒಂದು ಕಚೇರಿಯ ಆದೇಶದ ಮೇಲೆ ಮೇಲ್ಮನವಿ ಹಾಕಿದ್ದೆ. ನಿಯಮದಲ್ಲಿರುವ ಮಾತು ಇಷ್ಟೇ: ‘ಆದೇಶ ತಲುಪಿದ ದಿನದಿಂದ 30 ದಿನದೊಳಗೆ’. ನನ್ನ ಲೆಕ್ಕಕ್ಕೆ ನಾನು ಅರ್ಜಿ ಕೊಟ್ಟಿದ್ದು 30ನೇ ದಿನ. ಅಲ್ಲಿದ್ದವರ ಲೆಕ್ಕಕ್ಕೆ 31ನೇ ದಿನ. ಆದೇಶ ಕೈಗೆ ಬಂದ ದಿನವನ್ನೂ ಅವರು ಎಣಿಕೆಗೆ ಹಿಡಿದಿದ್ದಾರೆ. ಅವಧಿ ಮೀರಿದೆ ಅಂತ ಒಂದು ಸಾಲಿನ ಹಿಂಬರಹ, ಅರ್ಜಿ ವಾಪಸ್.

ಪರಿಚಯದ ವಕೀಲರನ್ನು ಕೇಳಿದೆ. ‘ಇದು ವ್ಯಾಖ್ಯಾನದ ಪ್ರಶ್ನೆ’ ಅಂದರು. ಹಿಂಬರಹಕ್ಕಿಂತ ಹೆಚ್ಚು ಸಿಟ್ಟು ಬಂದಿದ್ದು ಈ ಮಾತಿಗೆ. ಮೂವತ್ತು ಅನ್ನೋದು ಸಂಖ್ಯೆ, ದಿನ ಅನ್ನೋದು ಮಗುವಿಗೂ ಗೊತ್ತಿರೋ ಪದ. ಇಷ್ಟಕ್ಕೂ ವ್ಯಾಖ್ಯಾನ ಬೇಕು ಅಂದರೆ ಕಾನೂನನ್ನು ಬರೆದಿಡೋದಾದರೂ ಯಾಕೆ? ಜಡ್ಜ್‌ಗಳು ಕಾಯ್ದೆಯ ಮಾತಿಗೆ ಅರ್ಥ ಹಚ್ಚುವಾಗ ಅವರನ್ನು ಕಟ್ಟಿಹಾಕೋ ನಿಯಮ ಏನಾದರೂ ಇದೆಯೋ, ಅವರಿಗೆ ತೋಚಿದ್ದೇ ಅರ್ಥವೋ? ತಿಳಿದವರು ಹೇಳಿ.

ತರ್ಕಬದ್ಧ

ತೋಚಿದ್ದೇ ಅರ್ಥ. ಮುಗೀತು.

ನಾನು ಪ್ರೋಗ್ರಾಮ್ ಬರೆಯುವವನು. ಎಣಿಕೆ ಸೊನ್ನೆಯಿಂದ ಶುರುವೋ ಒಂದರಿಂದ ಶುರುವೋ ಅಂತ ನಾವು ಮೊದಲೇ ಬರೆದಿಡ್ತೀವಿ. ಬರೆಯದಿದ್ದರೆ ತಪ್ಪು ಬರೆದವನದು. ‘ಪಾಪ, ಇವನ ಮನಸ್ಸಲ್ಲಿ ಹೀಗಿತ್ತೇನೋ’ ಅಂತ ಕಂಪ್ಯೂಟರ್ ಊಹೆ ಮಾಡಲ್ಲ. ಜಡ್ಜ್‌ಗಳು ಮಾಡ್ತಾರೆ, ಆ ಊಹೆಗೆ ವ್ಯಾಖ್ಯಾನ ಅಂತ ಮರ್ಯಾದೆಯ ಹೆಸರು ಕೊಟ್ಟಿದ್ದಾರೆ. ಕಾನೂನು ಮಾಡೋಕೆ ಜನ ಓಟು ಹಾಕಿ ಕಳಿಸಿದವರು ಬೇರೆ ಇದ್ದಾರೆ. ಕಾಯೋ ಬೇಲಿನೇ ಹೊಲಕ್ಕೆ ಇಳಿದರೆ ಯಾರಿಗೆ ಹೇಳೋದು?

ಕರಿಕೋಟು

ಮೊದಲು ಮೂವತ್ತನೇ ದಿನದವರಿಗೆ ಸಮಾಧಾನ. ಸರ್, ನಿಮ್ಮ ಲೆಕ್ಕವೇ ಸರಿ ಇರೋ ಹಾಗಿದೆ. ಇಂಥ ಜಗಳ ತಪ್ಪಿಸೋಕೆ ಅಂತಲೇ ಭಾರತದಲ್ಲಿ 1897ರಿಂದ ಜನರಲ್ ಕ್ಲಾಸಸ್ ಆಕ್ಟ್ ಅಂತ ಒಂದು ಕಾಯ್ದೆ ಇದೆ. ಬೇರೆ ಕಾಯ್ದೆಗಳನ್ನು ಹೇಗೆ ಓದಬೇಕು ಅಂತ ಹೇಳೋ ಕಾಯ್ದೆ. ಅದರ 9ನೇ ಸೆಕ್ಷನ್ ಪ್ರಕಾರ ‘ಇಂಥ ದಿನದಿಂದ’ ಅಂತ ಇದ್ದರೆ ಆ ಮೊದಲ ದಿನ ಬಿಟ್ಟು ಎಣಿಸಬೇಕು. ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಮುಂದೆ ತೆರೆದ ದಿನ ಕೊಟ್ಟರೂ ನಡೆಯುತ್ತೆ ಅಂತ 10ನೇ ಸೆಕ್ಷನ್. ದಾವೆ, ಮೇಲ್ಮನವಿಗಳ ಕಾಲಮಿತಿ ಹೇಳೋ 1963ರ ಲಿಮಿಟೇಷನ್ ಆಕ್ಟ್ 12ನೇ ಸೆಕ್ಷನ್ನೂ ಮೊದಲ ದಿನ ಬಿಡು ಅಂತಲೇ ಹೇಳೋದು. ಇವನ್ನು ಉಲ್ಲೇಖಿಸಿ ಮತ್ತೆ ಅರ್ಜಿ ಕೊಡಿ.

ಇನ್ನು ತರ್ಕಬದ್ಧರಿಗೆ. ಊಹೆಯೇ ಮಾಡದ ಜಡ್ಜ್‌ಗಳು ಇದ್ದರು ಸ್ವಾಮಿ, ಅವರ ತೀರ್ಪು ಹೇಗಿತ್ತು ನೋಡಿ. 1868, ಇಂಗ್ಲೆಂಡ್, ವೈಟ್ಲಿ ವಿರುದ್ಧ ಚಾಪೆಲ್. ‘ಮತ ಹಾಕಲು ಹಕ್ಕುಳ್ಳ ವ್ಯಕ್ತಿ’ಯ ವೇಷ ಹಾಕಿ ಮತ ಚಲಾಯಿಸೋದು ಅಪರಾಧ ಅಂತ ಕಾನೂನು. ಒಬ್ಬ ಸತ್ತವನ ಹೆಸರಲ್ಲಿ ಮತ ಹಾಕಿದ. ಕೋರ್ಟು ಅವನನ್ನು ಖುಲಾಸೆ ಮಾಡ್ತು. ಯಾಕಂದ್ರೆ ಸತ್ತವನಿಗೆ ಮತದ ಹಕ್ಕಿಲ್ಲ, ಹಾಗಾಗಿ ‘ಹಕ್ಕುಳ್ಳ ವ್ಯಕ್ತಿ’ಯ ವೇಷ ಹಾಕಿದ ಹಾಗಾಗಲಿಲ್ಲ!

ಇನ್ನೊಂದು, ಫಿಷರ್ ವಿರುದ್ಧ ಬೆಲ್. ಗುಂಡಿ ಒತ್ತಿದರೆ ಚಿಮ್ಮೋ ಚಾಕು ‘ಮಾರಾಟಕ್ಕೆ ಆಫರ್’ ಮಾಡಬಾರದು ಅಂತ 1959ರ ಬ್ರಿಟಿಷ್ ಕಾಯ್ದೆ. ಅಂಗಡಿಯವನೊಬ್ಬ ಬೆಲೆಚೀಟಿ ಸಮೇತ ಕಿಟಕಿಯಲ್ಲಿ ಇಟ್ಟ. ಕರಾರು ಕಾನೂನಿನ ಪ್ರಕಾರ ಕಿಟಕಿಯಲ್ಲಿ ಸಾಮಾನು ಇಡೋದು ‘ಆಫರ್’ ಅಲ್ಲ, ‘ಬಂದು ಕೇಳಿ’ ಅನ್ನೋ ಆಹ್ವಾನ ಅಷ್ಟೇ. ಅಂಗಡಿಯವನು ಗೆದ್ದ. ಚಾಪೆ ಕೆಳಗೆ ನುಸುಳೋರಿಗೆ ರಂಗೋಲಿ ಕೆಳಗೆ ದಾರಿ ಮಾಡಿಕೊಟ್ಟಂಗೆ ಆಯ್ತು.

ತರ್ಕಬದ್ಧ

ನೀವು ನನ್ನ ವಿರುದ್ಧ ಅಂತ ಕೊಟ್ಟ ಉದಾಹರಣೆ ನನ್ನ ಪರವಾಗೇ ಇದೆ. ಚಾಕು ಕೇಸಿನ ಮುಂದೇನಾಯ್ತು ಅಂತ ನೀವು ಹೇಳಲಿಲ್ಲ, ನಾನು ಹುಡುಕಿ ನೋಡಿದೆ. 1961ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ತಿದ್ದಿ, ಮಾರೋಕೆ ಪ್ರದರ್ಶನಕ್ಕಿಡೋದನ್ನೂ ಇಟ್ಟುಕೊಂಡಿರೋದನ್ನೂ ಸೇರಿಸಿತು. ದೋಷ ಸಿಕ್ತು, ಬರೆದವರೇ ಸರಿಮಾಡಿದ್ರು. ಹೀಗೇ ನಡೀಬೇಕು. ಒಬ್ಬ ಅಂಗಡಿಯವನು ತಪ್ಪಿಸಿಕೊಂಡ, ಅಷ್ಟೇ ತಾನೇ ನಷ್ಟ? ಜಡ್ಜ್ ತಾನೇ ತೇಪೆ ಹಾಕಿದ್ದರೆ ಸಂಸತ್ತು ಮುಂದೆಯೂ ಹಾಗೇ ಅಡ್ಡಾದಿಡ್ಡಿ ಬರೀತಿತ್ತು.

ಕರಿಕೋಟು

ಇದು ಒಳ್ಳೇ ಏಟು, ಒಪ್ಪಿದೆ. ಆದರೆ ಆ ಅಂಗಡಿಯವನ ಜಾಗದಲ್ಲಿ ಸಂಬಳ ಸಿಗದ ಕೂಲಿಯವನನ್ನೋ ಪಿಂಚಣಿ ನಿಂತ ವಿಧವೆಯನ್ನೋ ಇಟ್ಟು ನೋಡಿ. ‘ಸಂಸತ್ತು ತಿದ್ದುವವರೆಗೆ ಕಾಯಿರಿ’ ಅಂತ ಅವರಿಗೆ ಹೇಳ್ತೀರಾ? ಸಂಸತ್ತು ತಿದ್ದಿದರೂ ಅದು ಮುಂದಿನವರಿಗೆ.

ಹಳೇ ಕಡತ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯ್ದೆ ಕಾನೂನುಗಳ ಕರಡು ಬರೆಯುವುದೇ ನನ್ನ ಕೆಲಸವಾಗಿತ್ತು. ಈಗ ನಿವೃತ್ತ. ‘ಬರೆದವರ ತಪ್ಪು’ ಎಂದು ಇಬ್ಬರೂ ಸಲೀಸಾಗಿ ಹೇಳುತ್ತಿರುವುದರಿಂದ ಬರೆದವರ ಕಡೆಯಿಂದ ನಾಲ್ಕು ಮಾತು.

ಹಾರ್ಟ್ ಎಂಬ ಆಕ್ಸ್‌ಫರ್ಡಿನ ನ್ಯಾಯಶಾಸ್ತ್ರಜ್ಞ 1958ರಲ್ಲಿ ಒಂದು ಪುಟ್ಟ ನಿಯಮವನ್ನು ಮುಂದಿಟ್ಟ: ‘ಉದ್ಯಾನದೊಳಗೆ ವಾಹನ ತರಬಾರದು’. ಕಾರು ತರಬಾರದು ಎಂಬುದರಲ್ಲಿ ಅನುಮಾನವಿಲ್ಲ. ಸೈಕಲ್ಲು? ರೋಲರ್ ಸ್ಕೇಟು? ಆಟಿಕೆಯ ಕಾರು? ಪದಕ್ಕೆ ಗಟ್ಟಿಯಾದ ತಿರುಳು ಇರುತ್ತದೆ, ಸುತ್ತ ಮಬ್ಬಾದ ಅಂಚು ಇರುತ್ತದೆ, ತೀರ್ಮಾನದ ಕೆಲಸ ಬರುವುದು ಅಂಚಿನಲ್ಲಿ ಎಂದು ಅವನ ವಾದ. ಅದೇ ವರ್ಷ ಅಮೆರಿಕದ ನ್ಯಾಯಶಾಸ್ತ್ರಜ್ಞ ಫುಲ್ಲರ್ ಉತ್ತರ ಕೊಟ್ಟ: ಎರಡನೇ ಮಹಾಯುದ್ಧದಲ್ಲಿ ಓಡಿದ ಟ್ರಕ್ಕೊಂದನ್ನು ಸ್ಮಾರಕವಾಗಿ ಪೀಠದ ಮೇಲೆ ನಿಲ್ಲಿಸಿದರೆ? ಅದು ಅಂಚಿನಲ್ಲಿರುವ ವಸ್ತುವಲ್ಲ, ತಿರುಳಿನಲ್ಲೇ ಇರುವ ವಾಹನ. ಆದರೂ ನಿಯಮ ಅದಕ್ಕಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅವನದೇ ಇನ್ನೊಂದು: ‘ರೈಲು ನಿಲ್ದಾಣದಲ್ಲಿ ಮಲಗುವುದು ಅಪರಾಧ’. ರಾತ್ರಿ ಮೂರಕ್ಕೆ ತಡವಾದ ರೈಲಿಗೆ ಕಾಯುತ್ತ ಕೂತಲ್ಲೇ ಗೊರಕೆ ಹೊಡೆದ ಪ್ರಯಾಣಿಕ ಒಬ್ಬ. ಹೊದಿಕೆ, ದಿಂಬು ತಂದು ಬೆಂಚಿನ ಮೇಲೆ ಹಾಸಿಕೊಂಡು ಇನ್ನೂ ನಿದ್ದೆ ಹತ್ತದವನು ಇನ್ನೊಬ್ಬ. ತರ್ಕಬದ್ಧರ ಕಂಪ್ಯೂಟರು ಮೊದಲನೆಯವನನ್ನು ಹಿಡಿದು ಎರಡನೆಯವನನ್ನು ಬಿಡುತ್ತದೆ.

ಕರಡು ಬರೆಯುವವನಿಗೆ ಮುಂದೆ ಬರುವುದೆಲ್ಲ ಕಾಣುವುದಿಲ್ಲ. ಅದು ಒಂದು ಕಾರಣ. ಹೊರಗಿನವರಿಗೆ ಗೊತ್ತಿರದ ಇನ್ನೊಂದು ಕಾರಣವಿದೆ. ಕೆಲವು ಪದಗಳನ್ನು ನಾವು ತಿಳಿದೇ ಸಡಿಲವಾಗಿ ಬಿಡುತ್ತೇವೆ. ‘ಸಮಂಜಸ ಅವಧಿಯಲ್ಲಿ’, ‘ಸಾಕಷ್ಟು ಕಾರಣವಿದ್ದರೆ’. ಎಷ್ಟು ದಿನ ಎಂದು ಬರೆಯಲು ಹೋದರೆ ಎತ್ತು ಏರಿಗೆ, ಕೋಣ ನೀರಿಗೆ, ಮಸೂದೆಯೇ ಬಿದ್ದುಹೋಗುತ್ತದೆ. ಹಾಗಾಗಿ ಎಲ್ಲರೂ ಒಪ್ಪುವ ಮಬ್ಬು ಪದವೊಂದನ್ನು ಹಾಕಿ ಜಗಳವನ್ನು ಕೋರ್ಟಿಗೆ ದಾಟಿಸುತ್ತೇವೆ. ಆಮೇಲೆ ‘ನ್ಯಾಯಾಧೀಶರು ಕಾನೂನು ಮಾಡುತ್ತಿದ್ದಾರೆ’ ಎಂದು ಸದನದಲ್ಲಿ ಅವರೇ ಕೂಗುತ್ತಾರೆ.

ಮೂವತ್ತನೇ ದಿನದವರಿಗೆ ಒಂದು ಕಿವಿಮಾತು: ನಿಮ್ಮ ನಿಯಮದಲ್ಲಿ ‘ದಿನ’ ಇದೆಯೋ ‘ತಿಂಗಳು’ ಇದೆಯೋ ಮತ್ತೊಮ್ಮೆ ನೋಡಿಕೊಳ್ಳಿ. 1996ರ ಮಧ್ಯಸ್ಥಿಕೆ ಕಾಯ್ದೆಯ ಒಂದೇ ಉಪಬಂಧದಲ್ಲಿ ‘3 ತಿಂಗಳು’ ಎಂದೂ, ತಡವಾದರೆ ಕೊಡಬಹುದಾದ ವಿನಾಯಿತಿಯ ಅವಧಿಗೆ ‘30 ದಿನ’ ಎಂದೂ ಇದೆ. 3 ತಿಂಗಳೆಂದರೆ 90 ದಿನವಲ್ಲ, ಪಂಚಾಂಗದ ತಿಂಗಳು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಎರಡು ಬೇರೆ ಪದ ಬಳಸಿದ್ದರೆ ಎರಡಕ್ಕೂ ಬೇರೆ ಅರ್ಥವಿದೆ ಎಂದು ಹಿಡಿಯುವುದು ಓದುವ ಕ್ರಮ.

ಮೂರನೇ ಬೆಂಚು

ಅಲ್ರಿ ಸರ್, ನಾ ಎಲ್‌ಎಲ್‌ಬಿ ಓದಾಕತ್ತೇನಿ. ನಮಗ ಮೂರು ಸೂತ್ರ ಬಾಯಿಪಾಠ ಮಾಡಿಸ್ಯಾರ. ಪದದ ನೇರ ಅರ್ಥ ಹಿಡಿಯೋದು ಒಂದು. ಅದು ಅಸಂಬದ್ಧ ಆದ್ರ ಸ್ವಲ್ಪ ಸರಿಸೋದು ಎರಡನೇದು, ‘ಬಂಗಾರದ ಸೂತ್ರ’ ಅಂತಾರ. ಮೂರನೇದು ಕೇಡಿನ ಸೂತ್ರ, 1584ರ ಹೇಡನ್ ಕೇಸಿಂದ: ಕಾಯ್ದೆ ಬರೂಕಿಂತ ಮೊದಲ ಕಾನೂನು ಏನಿತ್ತು, ಅದರಾಗ ಏನು ಕೇಡಿತ್ತು, ಸಂಸತ್ತು ಯಾವ ಮದ್ದು ಕೊಟ್ಟಿತು, ಆ ಮದ್ದಿನ ಹಿಂದಿನ ನಿಜವಾದ ಕಾರಣ ಏನು. ಪರೀಕ್ಷಾದಾಗ ಬರೀತೀನಿ, ಮಾರ್ಕ್ಸೂ ಬರ್ತಾವ. ಆದ್ರ ಯಾವ ಕೇಸಿಗೆ ಯಾವ ಸೂತ್ರ ಅಂತ ಯಾರೂ ಹೇಳಿಕೊಡ್ಲಿಲ್ಲ.

ಕರಿಕೋಟು

ಯಾರೂ ಹೇಳಿಕೊಡಲ್ಲಪ್ಪ, ಅದಕ್ಕೆ ಸೂತ್ರ ಇಲ್ಲ. ಕೋರ್ಟಿನಲ್ಲಿ ಯಾರೂ ‘ಇವತ್ತು ಎರಡನೇ ಸೂತ್ರ’ ಅಂತ ಕಪಾಟಿಂದ ತೆಗೆಯಲ್ಲ. ಮೊದಲು ಪದ, ಆಮೇಲೆ ಆ ವಾಕ್ಯ, ಆಮೇಲೆ ಅಕ್ಕಪಕ್ಕದ ಸೆಕ್ಷನ್, ಆಮೇಲೆ ಇಡೀ ಕಾಯ್ದೆ. ಓದ್ತಾ ಓದ್ತಾ ಎಲ್ಲಿ ತಡೆಯುತ್ತೋ ಅಲ್ಲಿ ಉಳಿದದ್ದು ಬರುತ್ತೆ.

ಇಂಗ್ಲೆಂಡಿನ 1964ರ ಆಡ್ಲರ್ ಕೇಸು ನೋಡು. ನಿಷೇಧಿತ ಜಾಗದ ‘ಸಮೀಪದಲ್ಲಿ’ ಕಾವಲಿನವರಿಗೆ ಅಡ್ಡಿಪಡಿಸಬಾರದು. ಆರೋಪಿ ಹೇಳಿದ: ‘ನಾನು ಸಮೀಪದಲ್ಲಿ ಇರಲಿಲ್ಲ, ಒಳಗೇ ಇದ್ದೆ’. ಕೋರ್ಟು ನಕ್ಕಿತೋ ಇಲ್ಲವೋ ಗೊತ್ತಿಲ್ಲ, ‘ಸಮೀಪದಲ್ಲಿ’ ಅಂದರೆ ‘ಒಳಗೆ ಅಥವಾ ಸಮೀಪದಲ್ಲಿ’ ಅಂತ ಓದಿ ಶಿಕ್ಷೆ ಉಳಿಸಿತು. 1935ರ ಸಿಗ್ಸ್‌ವರ್ತ್ ಇನ್ನೂ ಘನವಾದದ್ದು. ತಾಯಿ ಉಯಿಲು ಬರೆಯದೆ ಸತ್ತರೆ ಆಸ್ತಿ ಮಗನಿಗೆ ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ತಾಯಿಯನ್ನು ಕೊಂದವನೇ ಮಗ. ಪದದಲ್ಲಿ ಎಲ್ಲೂ ಮಬ್ಬಿಲ್ಲ, ಆದರೂ ಕೋರ್ಟು ಕೊಡಲಿಲ್ಲ.

ತರ್ಕಬದ್ಧ

ಕೊಲೆಗಾರನಿಗೆ ಆಸ್ತಿ ಸಿಗಬಾರದು ಅಂತ ನಾನೂ ಹೇಳ್ತೀನಿ. ಸಮಸ್ಯೆ ಅದಲ್ಲ. ‘ಅಸಂಬದ್ಧ’ ಅಂತ ತೀರ್ಮಾನಿಸೋ ಅಳತೆಗೋಲು ಯಾರ ಕೈಯಲ್ಲಿದೆ? ಇವತ್ತು ಕೊಲೆಗಾರ ಮಗ, ನಾಳೆ ಜಡ್ಜ್‌ಗೆ ಇಷ್ಟವಾಗದ ಯಾರೋ ಒಬ್ಬ. ಅದಕ್ಕೇ ನಿಘಂಟು ಹಿಡೀರಿ ಅನ್ನೋದು. ನಿಘಂಟಿಗೆ ಇಷ್ಟಾನಿಷ್ಟ ಇಲ್ಲ.

ಅಲ್ಪವಿರಾಮ

ನಿಘಂಟು ಅಂದಿರಲ್ಲ, ಅದು ನನ್ನ ಹೊಟ್ಟೆಪಾಡು. ಕಾನೂನು ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರೋ ಕೆಲಸ ನನ್ನದು. ನಿಘಂಟು ಪದಕ್ಕೆ ಇರಬಹುದಾದ ಅರ್ಥಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತೆ, ಈ ವಾಕ್ಯದಲ್ಲಿ ಯಾವುದು ಅಂತ ಹೇಳಲ್ಲ.

1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಸ್ಮಿತ್ ಅನ್ನುವವನ ಕೇಸು ಬಂತು. ಮಾದಕವಸ್ತು ಅಪರಾಧದಲ್ಲಿ ಬಂದೂಕು ‘ಬಳಸಿದರೆ’ ಹೆಚ್ಚುವರಿ ಶಿಕ್ಷೆ. ಇವನು ಗುಂಡು ಹಾರಿಸಲಿಲ್ಲ, ಹೆದರಿಸಲಿಲ್ಲ, ಬಂದೂಕು ಕೊಟ್ಟು ಮಾದಕವಸ್ತು ಕೊಳ್ಳೋಕೆ ಹೋದ. ಬಹುಮತದವರು ನಿಘಂಟು ತೆರೆದು, ವಿನಿಮಯವೂ ಬಳಕೆಯೇ ಅಂದರು. ನ್ಯಾಯಮೂರ್ತಿ ಸ್ಕಾಲಿಯಾ ಭಿನ್ನ ತೀರ್ಪು ಬರೆದರು. ‘ನೀವು ಊರುಗೋಲು ಬಳಸ್ತೀರಾ?’ ಅಂತ ಯಾರಾದರೂ ಕೇಳಿದರೆ ಊರಿಕೊಂಡು ನಡೀತೀರಾ ಅಂತ ಅರ್ಥ, ಅಜ್ಜನ ಕೋಲನ್ನು ಗೋಡೆಗೆ ಅಲಂಕಾರಕ್ಕೆ ಇಟ್ಟಿದೀರಾ ಅಂತ ಯಾರೂ ಕೇಳಲ್ಲ ಅನ್ನೋದು ಅವರ ವಾದದ ಸಾರ. ಪದಕ್ಕೇ ಅಂಟಿಕೊಳ್ಳಬೇಕು ಅನ್ನೋ ಪಂಥದ ದೊಡ್ಡ ಹೆಸರು ಸ್ಕಾಲಿಯಾ, ಆದರೆ ಅವರೇ ನಿಘಂಟನ್ನು ಬದಿಗಿಟ್ಟು ಜನ ಆಡೋ ಮಾತನ್ನು ಹಿಡಿದರು. ತಮಾಷೆ ಮುಗೀಲಿಲ್ಲ. 2007ರಲ್ಲಿ ಇದರ ಕನ್ನಡಿಬಿಂಬದಂಥ ಕೇಸು ಬಂತು, ಮಾದಕವಸ್ತು ಕೊಟ್ಟು ಬಂದೂಕು ತಗೊಂಡವನದು. ಅವನು ಬಂದೂಕು ‘ಬಳಸಲಿಲ್ಲ’ ಅಂತ ತೀರ್ಪು. ಅದೇ ತರದ ವ್ಯಾಪಾರ, ಕೊಟ್ಟವನು ಬಳಸಿದವನು, ತಗೊಂಡವನು ಬಳಸದವನು.

ಜನರ ಮಾತು ಹಿಡಿಯೋದು ಹಳೇ ಪದ್ಧತಿ. ಟೊಮೆಟೊ ಹಣ್ಣೋ ತರಕಾರಿಯೋ ಅಂತ 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಬೇಕಾಯ್ತು, ಆಮದು ಸುಂಕಕ್ಕೋಸ್ಕರ. ಸಸ್ಯಶಾಸ್ತ್ರದಲ್ಲಿ ಹಣ್ಣಾದರೂ ಜನರ ಬಾಯಲ್ಲಿ ತರಕಾರಿ, ಸುಂಕ ಕಟ್ಟಿ ಅಂದಿತು. 1961ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ಮುಂದೆ ವೀಳ್ಯದೆಲೆ ತರಕಾರಿಯೇ ಅನ್ನೋ ಪ್ರಶ್ನೆ, ಮಾರಾಟ ತೆರಿಗೆಯದು. ಎಲೆ ಸಸ್ಯದ್ದೇ ಆದರೂ ತರಕಾರಿ ಅಂತ ಯಾರೂ ಕರೆಯಲ್ಲ, ವಿನಾಯಿತಿ ಇಲ್ಲ. ಎರಡರಲ್ಲೂ ಗೆದ್ದಿದ್ದು ಖಜಾನೆ ಅನ್ನೋದು ಕಾಕತಾಳೀಯ ಅಂತ ನಂಬೋಣ.

ತರ್ಕಬದ್ಧ

ಊರುಗೋಲಿನ ಮಾತು ಚೆನ್ನಾಗಿದೆ. ಸರಿ, ನಿಘಂಟು ಬೇಡ, ‘ಸಾಮಾನ್ಯ ಓದುಗನಿಗೆ ಆ ವಾಕ್ಯ ಏನು ಹೇಳುತ್ತೋ ಅದು’ ಅಂತ ತಿದ್ದಿಕೊಳ್ತೀನಿ. ಆದರೂ ಉದ್ದೇಶ ಗಿದ್ದೇಶ ಬೇಡ. ಇಡೀ ಸದನಕ್ಕೆ ಒಂದೇ ಉದ್ದೇಶ ಇರುತ್ತೆ ಅನ್ನೋದೇ ಕಟ್ಟುಕತೆ. ಒಬ್ಬ ಹಗೆಗೆ ಮತ ಹಾಕಿರ್ತಾನೆ, ಇನ್ನೊಬ್ಬ ಪಕ್ಷದ ವಿಪ್‌ಗೆ. ಎಲ್ಲರೂ ಒಪ್ಪಿದ್ದು ಅಂತ ಇರೋದು ಆ ಪದಗಳು ಮಾತ್ರ.

ಹಳೇ ಕಡತ

ಈ ಮಾತಿಗೆ ನನ್ನ ಸಹಿಯೂ ಇದೆ. ‘ಶಾಸಕಾಂಗದ ಉದ್ದೇಶ’ ಎಂದು ತೀರ್ಪುಗಳಲ್ಲಿ ಓದಿದಾಗ, ಆ ವಾಕ್ಯವನ್ನು ರಾತ್ರಿ ಹತ್ತಕ್ಕೆ ಬರೆದವನು ನಾನೊಬ್ಬನೇ ಎಂಬುದು ನೆನಪಾಗಿ ನಗು ಬಂದದ್ದುಂಟು. ಸದನದ ಚರ್ಚೆಯ ದಾಖಲೆ ನೋಡಬಾರದು ಎಂಬುದು ಬ್ರಿಟನ್ನಿನಲ್ಲಿ ಬಹುಕಾಲ ಇದ್ದ ನಿಯಮ. 1992ರ ಪೆಪ್ಪರ್ ವಿರುದ್ಧ ಹಾರ್ಟ್ ತೀರ್ಪು ಅದನ್ನು ಸಡಿಲಿಸಿತು: ಪದ ದ್ವಂದ್ವಾರ್ಥದ್ದಾಗಿರಬೇಕು, ಮಸೂದೆ ಮಂಡಿಸಿದವರು ಸ್ಪಷ್ಟವಾಗಿ ಹೇಳಿರಬೇಕು, ಆಗ ಮಾತ್ರ.

ಚರ್ಚೆ ನೋಡಿದರೆ ಸಂಶಯ ತೀರುತ್ತದೆ ಎಂದೂ ಅಂದುಕೊಳ್ಳಬೇಡಿ. ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಗಳ ‘ಸಮಾಲೋಚನೆ’ ಬೇಕು ಎಂದು ಭಾರತದ ಸಂವಿಧಾನದಲ್ಲಿದೆ. ಆ ಜಾಗದಲ್ಲಿ ‘ಸಹಮತಿ’ ಎಂದು ಹಾಕಬೇಕೆಂಬ ತಿದ್ದುಪಡಿ 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯ ಮುಂದೆ ಬಂದಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ನಮ್ಮಂತೆ ಕುಂದುಕೊರತೆಯಿರುವ ಮನುಷ್ಯನೇ, ಅವರಿಗೆ ವೀಟೋ ಕೊಡುವುದು ಅಪಾಯ ಎಂಬುದು ಅವರ ನಿಲುವು. 1981ರಲ್ಲಿ ಸುಪ್ರೀಂ ಕೋರ್ಟ್, ಸಮಾಲೋಚನೆ ಎಂದರೆ ಸಹಮತಿಯಲ್ಲ ಎಂದಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸಹಮತಿಯೇ ಎಂಬಲ್ಲಿಗೆ ತಂದು ನಿಲ್ಲಿಸಿತು. ಹಿರಿಯ ನ್ಯಾಯಮೂರ್ತಿಗಳೇ ಹೊಸ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಹುಟ್ಟಿದ್ದು ಹೀಗೆ. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಅದು ಬೇಕಿತ್ತು ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಪದ ಬರೆಯುವ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಸಭೆ ಬೇಡವೆಂದು ತಳ್ಳಿದ ಪದವೇ ಒಳಗಿರುವ ಪದದ ಅರ್ಥವಾಗಿ ಮರಳಿ ಬಂದದ್ದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಕರಿಕೋಟು

ಇದಕ್ಕೆ ನನ್ನ ಹತ್ತಿರ ಜೋರಾದ ಉತ್ತರ ಇಲ್ಲ. ತರ್ಕಬದ್ಧರು ಗೆದ್ದೆ ಅಂತ ಕೂಗೋ ಮುಂಚೆ ಇನ್ನೊಂದು ಕೇಸು ಹೇಳಿಬಿಡ್ತೀನಿ. ಜಡ್ಜ್‌ಗಳು ಪದ ಬಗ್ಗಿಸೋದು ಯಾವಾಗಲೂ ತಮ್ಮ ಅಧಿಕಾರಕ್ಕೋಸ್ಕರ ಅಲ್ಲ, ಬಹಳ ಸಲ ಸರ್ಕಾರಕ್ಕೋಸ್ಕರ.

1941, ಯುದ್ಧದ ಲಂಡನ್, ಲಿವರ್ಸಿಜ್ ವಿರುದ್ಧ ಆಂಡರ್ಸನ್. ಒಬ್ಬ ವ್ಯಕ್ತಿ ಅಪಾಯಕಾರಿ ಸಂಬಂಧದವನು ಅಂತ ನಂಬಲು ‘ಸಮಂಜಸ ಕಾರಣವಿದ್ದರೆ’ ಗೃಹಮಂತ್ರಿ ಅವನನ್ನು ವಿಚಾರಣೆ ಇಲ್ಲದೆ ಕೂಡಿಹಾಕಬಹುದು ಅಂತ ನಿಯಮ. ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಲಾರ್ಡ್ಸ್ ಸಭೆಯ ನಾಲ್ಕು ಜನ ಲಾರ್ಡ್‌ಗಳು, ಕಾರಣವಿದೆ ಅಂತ ಮಂತ್ರಿಗೆ ಪ್ರಾಮಾಣಿಕವಾಗಿ ಅನ್ನಿಸಿದರೆ ಸಾಕು, ನಾವು ಒಳಗೆ ಇಣುಕಲ್ಲ ಅಂದರು. ಲಾರ್ಡ್ ಆಟ್ಕಿನ್ ಒಬ್ಬರೇ ಎದ್ದು ನಿಂತರು. ಅವರು ಕೊಟ್ಟ ಹೋಲಿಕೆ: ‘ಅವನ ಕಾಲಿನ ಕೀಲು ಮುರಿದಿದ್ದರೆ’ ಅಂದರೆ ‘ಮುರಿದಿದೆ ಅಂತ ಅವನಿಗೆ ಅನ್ನಿಸಿದರೆ’ ಅಂತ ಅರ್ಥ ಆಗೋಕೆ ಸಾಧ್ಯವೇ ಇಲ್ಲ. ಬಹುಮತ ತಪ್ಪಿತ್ತು ಅಂತ ಅದೇ ಲಾರ್ಡ್ಸ್ ಸಭೆಯಲ್ಲಿ ಲಾರ್ಡ್ ಡಿಪ್ಲಾಕ್ ಒಪ್ಪಿಕೊಂಡಿದ್ದು 1979ರ ಕೊನೆಗೆ.

ಅಲ್ಲಿ ಕೈದಿಯನ್ನು ಕಾಪಾಡಬಹುದಾಗಿದ್ದದ್ದು ಪದದ ನೇರ ಅರ್ಥ. ಉದ್ದೇಶ ನೋಡ್ತೀವಿ, ಯುದ್ಧಕಾಲ, ದೇಶದ ರಕ್ಷಣೆ ಅಂದವರು ಅವನನ್ನು ಒಳಗೇ ಇಟ್ಟರು. ಹಾಗಾಗಿ ಪದ ಹಿಡಿಯೋರು ಕಟುಕರು, ಉದ್ದೇಶ ಹಿಡಿಯೋರು ದಯಾಳುಗಳು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಈಗ ಅಂದುಕೊಳ್ಳಲ್ಲ.

ಮೂರನೇ ಬೆಂಚು

ಶಿಕ್ಷೆ ಕೊಡೋ ಕಾನೂನಿಗೆ ಬ್ಯಾರೆ ಅಳತಿ ಇರ್ತದ ಅಂತ ಓದೇನಿ, ಅನುಮಾನ ಇದ್ರ ಆರೋಪಿ ಕಡೆ ವಾಲಬೇಕು ಅಂತ. ಅದು ಖರೇನೇ?

ಕರಿಕೋಟು

ಖರೇ. ಯಾವುದು ಅಪರಾಧ ಅಂತ ಮೊದಲೇ ಗೊತ್ತಿಲ್ಲದವನನ್ನು ಜೈಲಿಗೆ ಹಾಕಬಾರದು ಅನ್ನೋದು ಅದರ ಬೇರು. 1931, ಅಮೆರಿಕ, ಮಕ್‌ಬಾಯ್ಲ್. ಕದ್ದ ‘ಮೋಟಾರು ವಾಹನ’ವನ್ನು ರಾಜ್ಯದ ಗಡಿ ದಾಟಿಸಬಾರದು ಅಂತ 1919ರ ಕಾಯ್ದೆ. ಕಾರು, ಟ್ರಕ್ಕು, ಮೋಟಾರ್ ಸೈಕಲ್ ಅಂತೆಲ್ಲ ಹೆಸರಿಸಿ ಕೊನೆಗೆ ‘ಹಳಿಯ ಮೇಲೆ ಓಡದ ಇತರ ಸ್ವಯಂಚಾಲಿತ ವಾಹನ’ ಅಂತ ಇತ್ತು. ಕಳುವಾಗಿದ್ದು ವಿಮಾನ. ವಿಮಾನ ಹಳಿ ಮೇಲೆ ಓಡಲ್ಲ, ತಾನಾಗೇ ಚಲಿಸುತ್ತೆ, ಅಕ್ಷರಕ್ಕೆ ಹೊಂದುತ್ತೆ. ತೀರ್ಪು ಬರೆದ ಜಡ್ಜ್ ಹೋಮ್ಸ್ ಒಪ್ಪಲಿಲ್ಲ. ಆ ಪಟ್ಟಿ ಓದಿದವನ ಕಣ್ಣಿಗೆ ಬರೋದು ನೆಲದ ಮೇಲೆ ಓಡೋ ವಾಹನ. ಸಹವಾಸ ನೋಡಿ ಪದದ ಗುಣ ಹೇಳೋದು ಅಂದರೆ ಇದೇ.

2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇದೇ ವಾದದಿಂದ ಒಬ್ಬ ಮೀನುಗಾರ ಉಳಿದುಕೊಂಡ. ಅಳತೆಗಿಂತ ಸಣ್ಣ ಮೀನು ಹಿಡಿದಿದ್ದ, ಅಧಿಕಾರಿ ಎಣಿಸಿ ಹೋದಮೇಲೆ ಸಮುದ್ರಕ್ಕೆ ಎಸೆಸಿದ. ‘ದಾಖಲೆ, ಪತ್ರ ಅಥವಾ ಮೂರ್ತ ವಸ್ತು’ ನಾಶಮಾಡಿದ ಅಂತ ಅವನ ಮೇಲೆ ಹಾಕಿದ್ದು ಕಂಪನಿಗಳ ಲೆಕ್ಕಪತ್ರ ವಂಚನೆ ತಡೆಯೋಕೆ 2002ರಲ್ಲಿ ಬಂದ ಕಾಯ್ದೆ. ಮೀನು ಮೂರ್ತ ವಸ್ತು ತಾನೇ? ಕೈಗೆ ಸಿಗುತ್ತೆ, ವಾಸನೆಯೂ ಬರುತ್ತೆ. ಆದರೆ 5–4ರಲ್ಲಿ ಅವನು ಗೆದ್ದ. ದಾಖಲೆ, ಪತ್ರದ ಪಕ್ಕ ಕೂತ ‘ವಸ್ತು’ ಅಂದರೆ ಮಾಹಿತಿ ಇಡೋ ವಸ್ತು ಅಂತ. ನನಗೆ ಇದು ಸ್ವಲ್ಪ ಎಳೆದಾಡಿದ ಹಾಗೇ ಕಾಣುತ್ತೆ, ಆದರೂ ಮೀನಿಗೋಸ್ಕರ 20 ವರ್ಷದವರೆಗೆ ಶಿಕ್ಷೆ ಇರೋ ಸೆಕ್ಷನ್ ಹಾಕಿದ ಪ್ರಾಸಿಕ್ಯೂಟರ್ ಮೇಲೆ ಕೋಪವೂ ಬರುತ್ತೆ.

ಓಲೆಗರಿ

ಎಲ್ಲರೂ ಲಂಡನ್, ಅಮೆರಿಕ ಸುತ್ತುತ್ತಿದ್ದೀರಿ. ವೇದದ ವಾಕ್ಯಕ್ಕೆ ಅರ್ಥ ಮಾಡುವ ಶಾಸ್ತ್ರವೆಂದೇ ಹುಟ್ಟಿದ್ದು ಮೀಮಾಂಸೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರು ಆಧಾರಗಳನ್ನು ಹೇಳಿ, ಒಂದಕ್ಕೊಂದು ಡಿಕ್ಕಿ ಹೊಡೆದರೆ ಮೊದಲಿನದೇ ಬಲಶಾಲಿ ಎಂದು ಮೆಟ್ಟಿಲನ್ನೂ ಕಟ್ಟಿದ್ದಾರೆ. ನೇರವಾಗಿ ಹೇಳಿದ ಮಾತಿಗೆ ಮೊದಲ ಸ್ಥಾನ, ಸಂದರ್ಭಕ್ಕೆ ನಾಲ್ಕನೆಯದು, ಬರೀ ಹೆಸರಿನ ಹೋಲಿಕೆಗೆ ಕೊನೆಯದು. ಮೂರನೇ ಬೆಂಚಿನ ತಮ್ಮ ಕೇಳಿದ ‘ಯಾವಾಗ ಯಾವುದು’ ಎಂಬ ಪ್ರಶ್ನೆಗೆ ಕ್ರಮಬದ್ಧ ಉತ್ತರ ಕೊಡಲು ಯತ್ನಿಸಿದವರು ಇವರು.

ಆ ಮೆಟ್ಟಿಲು ಇದ್ದೂ ಜಗಳ ತಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ‘ಸಪಿಂಡ’ ಎಂಬ ಪದದಲ್ಲಿನ ಪಿಂಡವನ್ನು ಅವನು ದೇಹ ಎಂದು ಓದಿದ: ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು, ಹಾಗಾಗಿ ರಕ್ತದಲ್ಲಿ ಹತ್ತಿರವಾದವರಿಗೆ ಆಸ್ತಿ. ದಾಯಭಾಗ ಬರೆದ ಜೀಮೂತವಾಹನ ಅದೇ ಪಿಂಡವನ್ನು ಶ್ರಾದ್ಧದಲ್ಲಿ ಇಡುವ ಪಿಂಡ ಎಂದು ಓದಿದ: ಸತ್ತವರಿಗೆ ಸದ್ಗತಿಯ ಉಪಕಾರ ಮಾಡಬಲ್ಲವರಿಗೆ ಆಸ್ತಿ. ಒಂದೇ ಪದದ ಎರಡು ಓದು, ವಾರಸುದಾರರ ಎರಡು ಬೇರೆ ಸಾಲು. ಶತಮಾನಗಳ ಕಾಲ ಭಾರತದ ಕುಟುಂಬಗಳು ಅದರ ಮೇಲೆ ಆಸ್ತಿ ಹಂಚಿಕೊಂಡವು. ಇಬ್ಬರೂ ಹೊಸ ಕಾನೂನು ಬರೆದೆನೆಂದು ಹೇಳಲಿಲ್ಲ, ಹಳೆಯ ಮಾತಿನ ಅರ್ಥ ಹೇಳಿದೆನೆಂದೇ ಹೇಳಿದರು.

ಅಲ್ಪವಿರಾಮ

ಓಲೆಗರಿಯವರ ಕೊನೆಯ ಸಾಲು ನನ್ನನ್ನು ಚುಚ್ಚಿತು, ಯಾಕಂದರೆ ನಾನೂ ದಿನಾ ಅದನ್ನೇ ಮಾಡ್ತೀನಿ.

ಭಾರತದ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ರಲ್ಲಿ, ಅಭ್ಯರ್ಥಿ ಯಾರಿಗಾದರೂ ಮತ ಹಾಕಿ ಅಥವಾ ಹಾಕಬೇಡಿ ಅಂತ ‘ಹಿಸ್ ರಿಲಿಜನ್’ ಆಧಾರದಲ್ಲಿ ಕೇಳೋದು ಭ್ರಷ್ಟ ಆಚರಣೆ. ‘ಹಿಸ್’ ಅಂದರೆ ಯಾರ? ಅಭ್ಯರ್ಥಿಯದೋ, ಕೇಳ್ತಾ ಇರೋ ಏಜೆಂಟನದೋ, ಮತದಾರನದೋ? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು 4–3ರಲ್ಲಿ ಒಡೆದರು. ನಾಲ್ವರು ಮತದಾರನದೂ ಸೇರಿ ಎಲ್ಲರದೂ ಅಂದರು. ಮೂವರು ಮತ ಬೇಕಾದ ಅಥವಾ ಬೇಡವಾದ ಅಭ್ಯರ್ಥಿಯದು ಮಾತ್ರ ಅಂದರು. ಒಂದು ಸರ್ವನಾಮಕ್ಕೆ ಏಳು ಜನ!

ಈಗ ಆ ವಾಕ್ಯವನ್ನು ಕನ್ನಡಕ್ಕೆ ತನ್ನಿ. ‘ತನ್ನ ಧರ್ಮ’ ಅಂತ ಹಾಕಿದರೆ ಅದು ಕರ್ತೃವಿಗೆ, ಅಂದರೆ ಕೇಳುವವನಿಗೆ ಅಂಟಿಕೊಳ್ಳುತ್ತೆ. ‘ಆತನ ಧರ್ಮ’ ಅಂದರೆ ಕರ್ತೃ ಬಿಟ್ಟು ಬೇರೆಯವನಿಗೆ ಹೋಗುತ್ತೆ. ಇಂಗ್ಲಿಷ್ ಎರಡನ್ನೂ ಒಂದೇ ಪದದಲ್ಲಿ ಮುಚ್ಚಿಟ್ಟಿದೆ, ಕನ್ನಡ ಬಿಡಲ್ಲ. ಏಳು ಜನ ಒಪ್ಪದ ವಿಷಯವನ್ನು ನಾನು ಮಧ್ಯಾಹ್ನದೊಳಗೆ ತೀರ್ಮಾನಿಸಿ ಟೈಪ್ ಮಾಡಬೇಕು. ‘ಅರ್ಥ ಹಚ್ಚದೆ ಸುಮ್ಮನೆ ಓದಿ’ ಅಂತ ತರ್ಕಬದ್ಧರು ಹೇಳಿದಾಗ ನನಗೆ ನಗು ಬರೋದು ಅದಕ್ಕೆ. ಸುಮ್ಮನೆ ಓದೋ ಓದು ನಾನಂತೂ ಕಂಡಿಲ್ಲ.

ನನ್ನ ಹೆಸರಿನ ಕತೆಯೂ ಇಂಥದ್ದೇ. ಅಮೆರಿಕದ ಮೇನ್ ರಾಜ್ಯದ ಕಾಯ್ದೆಯಲ್ಲಿ, ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅನ್ನೋ ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮ ಇರಲಿಲ್ಲ. ಹಾಗಾಗಿ ‘ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು’ ಅಂತಲೂ ಓದಬಹುದು, ‘ಸಾಗಣೆಗಾಗಿ ಪ್ಯಾಕ್ ಮಾಡುವುದು, ಅಥವಾ ವಿತರಿಸುವುದು’ ಅಂತಲೂ ಓದಬಹುದು. ಹಾಲಿನ ಕಂಪನಿಯ ಚಾಲಕರು ವಿತರಿಸ್ತಾರೆ, ಪ್ಯಾಕ್ ಮಾಡಲ್ಲ. 2017ರಲ್ಲಿ ಅವರ ಕಡೆ ತೀರ್ಪಾಯ್ತು. ನೋಡಿ, ಕನ್ನಡದಲ್ಲಿ ನಾನು ಎರಡು ಬೇರೆ ವಾಕ್ಯ ಬರೆಯಬೇಕಾಯ್ತು. ಎರಡಕ್ಕೂ ಹೊಂದೋ ಒಂದೇ ಕನ್ನಡ ವಾಕ್ಯ ನನಗೆ ಇನ್ನೂ ಸಿಕ್ಕಿಲ್ಲ.

ತರ್ಕಬದ್ಧ

‘ತನ್ನ/ಆತನ’ ವಿಷಯ ನಿಜಕ್ಕೂ ಯೋಚನೆಗೆ ಹಚ್ಚಿತು. ಎಲ್ಲ ಓದೂ ಒಂದು ಆಯ್ಕೆ ಅಂತ ಒಪ್ಪಿದೆ. ಆಯ್ಕೆಗೆ ಕಾರಣ ಬರೆಯಲೇಬೇಕು, ಆ ಕಾರಣ ಪದಕ್ಕೆ ಹತ್ತಿರವಾಗಿರಬೇಕು, ದೂರ ಹೋದಷ್ಟೂ ಅನುಮಾನ ಹೆಚ್ಚಬೇಕು. ಇದಕ್ಕಿಂತ ಕೆಳಗೆ ನಾನು ಇಳಿಯಲ್ಲ.

ಮೂವತ್ತನೇ ದಿನ

ಎಲ್ಲರಿಗೂ ಧನ್ಯವಾದ, ಅರ್ಧ ಅರ್ಥವಾಯ್ತು. ಕರಿಕೋಟು ಸರ್ ಹೇಳಿದ ಸೆಕ್ಷನ್ ಹಾಕಿ ಮತ್ತೆ ಅರ್ಜಿ ಕೊಟ್ಟೆ. ಮೊದಲ ದಿನ ಬಿಡಬೇಕು ಅಂತ ಒಪ್ಪಿದರು. ಈಗ ಹೊಸ ರಾಗ. ಅಂಚೆಯ ಸ್ವೀಕೃತಿ ತೆಗೆದು ನೋಡಿದ್ದಾರೆ, ಅದರಲ್ಲಿ ಸಹಿ ನನ್ನದಲ್ಲ, ಕಟ್ಟಡದ ಕಾವಲುಗಾರನದು, ನನ್ನ ಕೈಗೆ ಬರೋದಕ್ಕೆ ಎರಡು ದಿನ ಮುಂಚೆ. ಹಾಗಾದ್ರೆ ‘ತಲುಪಿದ ದಿನ’ ಯಾವುದು?

ಕರಿಕೋಟು

ಅದೇ ಜನರಲ್ ಕ್ಲಾಸಸ್ ಆಕ್ಟಿನ 27ನೇ ಸೆಕ್ಷನ್ ನೋಡಿ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರೆ, ಮಾಮೂಲಿ ಯಾವಾಗ ತಲುಪಬೇಕೋ ಆಗ ತಲುಪಿದೆ ಅಂತಲೇ ಹಿಡೀತಾರೆ. ಆದರೆ ಹಾಗಾಗಲಿಲ್ಲ ಅಂತ ನೀವು ರುಜುವಾತು ಮಾಡಬಹುದು, ಆ ಬಾಗಿಲು ತೆರೆದಿದೆ. ಜೊತೆಗೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿಯನ್ನೂ ಇಟ್ಟುಬಿಡಿ. ಮಾನಕ್ಕೆ ಕುಂದೇನಿಲ್ಲ.

ತರ್ಕಬದ್ಧ

ಒಳಗೆ ಏನು ಬರೆದಿದೆ ಅಂತ ಓದದೆ ಮೇಲ್ಮನವಿ ಹಾಕೋಕಾಗುತ್ತಾ? 30 ದಿನ ಕೊಟ್ಟಿರೋದೇ ಓದಿ ಯೋಚನೆ ಮಾಡೋಕೆ. ಕಾವಲುಗಾರ ಯೋಚನೆ ಮಾಡ್ತಾನಾ? ‘ತಲುಪಿದ’ ಅಂದರೆ ನಿಮ್ಮ ಕೈಗೆ.

ಅಲ್ಪವಿರಾಮ

ತರ್ಕಬದ್ಧರೇ, ಈಗ ಉದ್ದೇಶ ನೋಡಿದಿರಿ.

ತರ್ಕಬದ್ಧ

ಇಲ್ಲ ಮೇಡಂ, ಪದ ನೋಡಿದೆ. ‘ತಲುಪಿದ’ ಅಂತಿದೆ, ‘ಬಟವಾಡೆಯಾದ’ ಅಂತಿಲ್ಲ.

ಹಳೇ ಕಡತ

ಬರೆಯುವಾಗ ಆ ಎರಡರ ನಡುವೆ ವ್ಯತ್ಯಾಸವಿದೆ ಎಂದು ಯಾರೂ ಯೋಚಿಸಿರಲಾರರು. ಅನುಭವದಿಂದ ಹೇಳುತ್ತಿದ್ದೇನೆ.

ಮೂವತ್ತನೇ ದಿನ

ಸೋಮವಾರ ವಿಚಾರಣೆ ಇಟ್ಟಿದ್ದಾರೆ. ಎರಡೂ ಅರ್ಜಿ ಬರೆಸಿದ್ದೀನಿ. ಕಾವಲುಗಾರ ರಜೆ ಹಾಕಿ ಬರ್ತೀನಿ ಅಂದಿದ್ದಾನೆ, ‘ನಾನು ಏನಂತ ಹೇಳಬೇಕು ಸಾರ್, ತಗೊಂಡೆ ಅನ್ನಲೋ ಇಟ್ಟುಕೊಂಡಿದ್ದೆ ಅನ್ನಲೋ’ ಅಂತ ಈಗಾಗಲೇ ಎರಡು ಸಲ ಕೇಳಿದ.